ತಾಳಮದ್ದಳೆ ರೆಕಾರ್ಡಿಂಗ್‌ಗೆ ಯಾವ ಸಾಫ್ಟ್‌ವೇರ್? ಆಡಾಸಿಟಿ ಸಾಕಾ, ರೀಪರ್ ಬೇಕಾ?

ಮಲ್ಪೆಗಾಳಿ:
ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ನಮ್ಮ ಸಣ್ಣ ಸಂಘದ ತಾಳಮದ್ದಳೆಗಳನ್ನು ರೆಕಾರ್ಡ್ ಮಾಡಿ ಇಡುವ ಕೆಲಸ ನನ್ನದು. ಇಷ್ಟು ದಿನ ಮುಂದೆ ಒಂದು ಸ್ಟೀರಿಯೊ ರೆಕಾರ್ಡರ್ ಇಟ್ಟು, ಮನೆಗೆ ಬಂದು ಆಡಾಸಿಟಿಯಲ್ಲಿ ಹಿಂದೆ ಮುಂದೆ ಕತ್ತರಿಸಿ, ಎಂಪಿ3 ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಈಗ ಸಂಘದವರು ನಾಲ್ಕು ಮೈಕ್ ಸಿಕ್ಕಿಸುವ ಇಂಟರ್‌ಫೇಸ್ ತಂದಿದ್ದಾರೆ. ಭಾಗವತರಿಗೆ ಒಂದು, ಚೆಂಡೆ ಮದ್ದಳೆಗೆ ಒಂದು, ಅರ್ಥಧಾರಿಗಳಿಗೆ ಎರಡು ಅಂತ ಲೆಕ್ಕ.

ತೊಂದರೆ ಎಂತ ಅಂದ್ರೆ, ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಆಡಾಸಿಟಿಗೆ ಎರಡೇ ಚಾನೆಲ್ ಕಾಣುತ್ತದೆ. ಬೇರೆ ಸಾಫ್ಟ್‌ವೇರ್ ತೆರೆದರೆ ಮೊದಲು ಟೆಂಪೊ (ತಾಳದ ವೇಗ) ಎಷ್ಟು ಅಂತ ಕೇಳುತ್ತದೆ. ಆಮೇಲೆ ಪಿಯಾನೊ, ಡ್ರಮ್ಸ್, ಲೂಪು ಎಲ್ಲ ತೋರಿಸುತ್ತದೆ. ನನಗೆ ಅದು ಯಾವುದೂ ಬೇಡ. ನಾಲ್ಕು ಗಂಟೆ ನಿಲ್ಲದೆ ರೆಕಾರ್ಡ್ ಆಗಬೇಕು, ನಾಲ್ಕೂ ಧ್ವನಿ ಬೇರೆ ಬೇರೆ ಸಿಗಬೇಕು. ಲ್ಯಾಪ್‌ಟಾಪ್ ಹಳೆಯದು, 8 ಜಿಬಿ ರ‍್ಯಾಮ್. ನೀವೆಲ್ಲ ಎಂತ ಬಳಸುತ್ತೀರಿ? ಬರೀ ಹೆಸರು ಹೇಳಬೇಡಿ, ತಲೆನೋವು ಏನು ಅಂತಲೂ ಹೇಳಿ.

ಕದ್ರಿಗುಡ್ಡೆ:
ರೀಪರ್. ಬೇರೆ ಮಾತೇ ಇಲ್ಲ.

ಮಣಿಪಾಲ_ರೂಮ್‌ಮೇಟ್:
ನಾನು ಎಫ್‌ಎಲ್ ಸ್ಟುಡಿಯೊ ಬಳಸುತ್ತೇನೆ. ಬೀಟ್ ಮಾಡಲು ಅದಕ್ಕಿಂತ ಬೇಗ ಕೈಗೆ ಬರುವ ಸಾಫ್ಟ್‌ವೇರ್ ನಾನು ನೋಡಿಲ್ಲ. ಒಮ್ಮೆ ದುಡ್ಡು ಕೊಟ್ಟರೆ ಜೀವನಪೂರ್ತಿ ಅಪ್‌ಡೇಟ್ ಉಚಿತ. ಆದರೆ ನಿಮ್ಮ ಕೆಲಸಕ್ಕೆ ಅದು ಬೇಡ. ಅಗ್ಗದ ಫ್ರೂಟಿ ಆವೃತ್ತಿಯಲ್ಲಿ ಮೈಕಿನಿಂದ ಟ್ರ್ಯಾಕ್‌ಗೆ ರೆಕಾರ್ಡ್ ಮಾಡುವುದಕ್ಕೇ ಆಗುವುದಿಲ್ಲ, ಪ್ರೊಡ್ಯೂಸರ್ ಆವೃತ್ತಿ ತಗೊಳ್ಳಬೇಕು. ಟ್ರಯಲ್‌ನಲ್ಲಿ ಸೇವ್ ಮಾಡಬಹುದು, ಆದರೆ ಸೇವ್ ಮಾಡಿದ್ದನ್ನು ಮತ್ತೆ ತೆರೆಯಬೇಕಾದರೆ ಲೈಸೆನ್ಸ್ ಬೇಕು. ಗೊತ್ತಿಲ್ಲದವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಚಕ್ರತಾಳ:
ಆಡಾಸಿಟಿಯನ್ನು ಬೈಯುವ ಮೊದಲು ಒಂದು ವಿಷಯ ತಿಳಿದಿರಲಿ. ಎರಡೇ ಚಾನೆಲ್ ಕಾಣುವುದು ನಿಮ್ಮ ಇಂಟರ್‌ಫೇಸಿನ ತಪ್ಪಲ್ಲ. ವಿಂಡೋಸ್‌ನಲ್ಲಿ ಹೆಚ್ಚು ಚಾನೆಲ್ ಇರುವ ಇಂಟರ್‌ಫೇಸ್‌ಗಳು ಸಾಮಾನ್ಯವಾಗಿ ಆಸಿಯೊ ಡ್ರೈವರ್ ಮೂಲಕ ಮಾತಾಡುತ್ತವೆ. ಅದು 1997ರಲ್ಲಿ ಸ್ಟೈನ್‌ಬರ್ಗ್ ಕಂಪನಿ ತಂದ ಪದ್ಧತಿ. ಅದರ ಪರವಾನಗಿಯೂ ಆಡಾಸಿಟಿಯ ಮುಕ್ತ ಪರವಾನಗಿಯೂ ಹೊಂದುತ್ತಿರಲಿಲ್ಲ. ಹಾಗಾಗಿ ವರ್ಷಾನುಗಟ್ಟಲೆ ಅಧಿಕೃತ ಆಡಾಸಿಟಿಯಲ್ಲಿ ಆಸಿಯೊ ಇರಲಿಲ್ಲ. ರೀಪರ್, ಕೇಕ್‌ವಾಕ್, ಕ್ಯೂಬೇಸ್ ಎಲ್ಲದರಲ್ಲೂ ಇದೆ. ಅಲ್ಲಿ ಆಸಿಯೊ ಆರಿಸಿದ ಕೂಡಲೇ ನಾಲ್ಕೂ ಕಾಣುತ್ತದೆ.

ಮಲ್ಪೆಗಾಳಿ:
ಓಹ್, ಹೌದಾ! ಇಂಟರ್‌ಫೇಸ್ ವಾಪಸ್ ಕೊಡೋಣ ಅಂತ ಸಂಘದವರು ಹೊರಟಿದ್ದರು. ಈಗಲೇ ಫೋನ್ ಮಾಡಿ ನಿಲ್ಲಿಸುತ್ತೇನೆ.

ತೆಂಕುದಿಕ್ಕು:
ಆಡಾಸಿಟಿ ಬಗ್ಗೆ ಇಲ್ಲಿ ಎಲ್ಲರೂ ಹಗುರವಾಗಿ ಮಾತಾಡುವುದು ನನಗೆ ಇಷ್ಟವಾಗುವುದಿಲ್ಲ. ದುಡ್ಡು ಕೇಳದೆ 2000ದಿಂದ ನಡೆದು ಬಂದಿದೆ. ಒಂದು ಭಾಷಣ, ಒಂದು ಸಂದರ್ಶನ, ಒಂದು ಕ್ಯಾಸೆಟ್ ಕಂಪ್ಯೂಟರಿಗೆ ಹಾಕುವುದು, ಇವಕ್ಕೆ ಅದಕ್ಕಿಂತ ಸಲೀಸು ಯಾವುದು? ಮೊದಲು ಎಫೆಕ್ಟ್ ಹಾಕಿದರೆ ಫೈಲಿಗೇ ಅಂಟಿಕೊಳ್ಳುತ್ತಿತ್ತು, ಬೇಡ ಅಂದರೆ ಅನ್‌ಡೂ ಒಂದೇ ದಾರಿ. 2022ರಲ್ಲಿ ಬಂದ 3.2ರಿಂದ ರೆಕಾರ್ಡ್ ಆದದ್ದು ಪ್ಲೇ ಆಗುತ್ತಿರುವಾಗಲೇ ಎಫೆಕ್ಟ್ ಹಾಕಿ ತೆಗೆದು ನೋಡಬಹುದು. ಹಳೆಯ ಆಡಾಸಿಟಿ ನೋಡಿ ಬಿಟ್ಟವರು ಹೊಸದನ್ನು ಒಮ್ಮೆ ತೆರೆದು ನೋಡಿ.

ಪಡುಬಿದ್ರಿ_ಎಕ್ಸ್‌ಪ್ರೆಸ್:
ಹಳೆಯ ಆಡಾಸಿಟಿಯಲ್ಲಿ ಪ್ರಾಜೆಕ್ಟ್ ಫೈಲ್ ಒಂದು, ಪಕ್ಕದಲ್ಲಿ ಡೇಟಾ ಫೋಲ್ಡರ್ ಇನ್ನೊಂದು. ನಮ್ಮ ಭಜನಾ ಮಂಡಳಿಯಲ್ಲಿ ಒಬ್ಬರು ಪ್ರಾಜೆಕ್ಟ್ ಫೈಲ್ ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿಬಿಟ್ಟರು. ನವರಾತ್ರಿಯ ಅಷ್ಟೂ ಭಜನೆ ಹೋಯಿತು. 2021ರ 3.0ಯಿಂದ ಎಲ್ಲ ಒಂದೇ ಫೈಲ್‌ನಲ್ಲಿ ಕೂರುತ್ತದೆ. ಆ ಬದಲಾವಣೆ ಮಾಡಿದವರಿಗೆ ನನ್ನ ಕಡೆಯಿಂದ ಒಂದು ದೊಡ್ಡ ನಮಸ್ಕಾರ.

ಕೊಂಕ್ಣಿಕಂಠ:
ನಾನು ಮಂಗಳೂರಿನಲ್ಲಿ ಚರ್ಚ್ ಕ್ವಾಯರ್ ಮತ್ತು ಕೊಂಕಣಿ ಹಾಡುಗಳ ರೆಕಾರ್ಡಿಂಗ್ ಮಾಡುತ್ತೇನೆ. ಲಾಜಿಕ್ ಪ್ರೊ. ಒಮ್ಮೆ ಕೊಟ್ಟರೆ ಮುಗಿಯಿತು, ಜೊತೆಗೆ ಬರುವ ವಾದ್ಯಗಳ ಶಬ್ದವೂ ಬೇಕಾದಷ್ಟು. ಹಾಡುವವರು ಒಂದೇ ಸಾಲನ್ನು ಹತ್ತಾರು ಸಲ ಹಾಡಿದರೂ, ಚೆನ್ನಾಗಿ ಬಂದ ತುಂಡುಗಳನ್ನು ಬೆರಳಿನಲ್ಲಿ ಎಳೆದು ಜೋಡಿಸಬಹುದು. ತಲೆನೋವು ಅಂದ್ರೆ ಮ್ಯಾಕ್ ಬೇಕೇ ಬೇಕು. 2002ರಲ್ಲಿ ಆಪಲ್ ಆ ಕಂಪನಿಯನ್ನು ಕೊಂಡುಕೊಂಡ ಮೇಲೆ ವಿಂಡೋಸ್‌ನವರಿಗೆ ಬಾಗಿಲು ಮುಚ್ಚಿತು. ಮ್ಯಾಕ್ ಇಲ್ಲದಿದ್ದರೆ ಲಾಜಿಕ್ ವಿಚಾರ ಬಿಡಿ.

ಮಣಿಪಾಲ_ರೂಮ್‌ಮೇಟ್:
ದುಡ್ಡು ಯಾಕೆ ಕೊಡಬೇಕು? ಎಲ್ಲದಕ್ಕೂ ಕ್ರ್ಯಾಕ್ ಸಿಗುತ್ತದೆ ಅಲ್ವಾ.

ಚಕ್ರತಾಳ:
ಈ ಮಾತು ಇಲ್ಲಿ ಬೇಡ. ಹಾಡಿದವರಿಗೆ ಸಂಭಾವನೆ ಸಿಗಬೇಕು, ಅವರ ಹಾಡು ಕದ್ದು ಹಾಕಬಾರದು ಅಂತ ನಾವೇ ಜಗಳ ಆಡುತ್ತೇವೆ. ಸಾಫ್ಟ್‌ವೇರ್ ಬರೆದವರ ಕೆಲಸ ಮಾತ್ರ ಬಿಟ್ಟಿಯಾ? ಅದೂ ಅಲ್ಲದೆ ಕ್ರ್ಯಾಕ್ ಜೊತೆ ವೈರಸ್ ಬಂದರೆ ಸಂಘದ ಹತ್ತು ವರ್ಷದ ಸಂಗ್ರಹ ಒಂದೇ ರಾತ್ರಿಯಲ್ಲಿ ಹೋಗುತ್ತದೆ.

ಕದ್ರಿಗುಡ್ಡೆ:
ಅದಕ್ಕೇ ರೀಪರ್ ಅಂದೆ. 60 ಡಾಲರ್, ನಮ್ಮ ಐದು ಸಾವಿರ ರೂಪಾಯಿಯ ಆಸುಪಾಸು. ಸ್ವಂತಕ್ಕೆ ಬಳಸುವವರಿಗೆ, ಸಣ್ಣ ವ್ಯವಹಾರದವರಿಗೆ ಆ ಬೆಲೆ. ಸಂಗೀತದಲ್ಲೇ ದೊಡ್ಡ ಆದಾಯ ಇರುವವರಿಗೆ 225 ಡಾಲರ್. ಸಾಫ್ಟ್‌ವೇರ್ ಎರಡಕ್ಕೂ ಒಂದೇ, ಏನೂ ಕಡಿಮೆ ಮಾಡಿಲ್ಲ. 60 ದಿನ ಬಳಸಿ ನೋಡಬಹುದು. ಆಮೇಲೆ ಪ್ರತಿ ಸಲ ತೆರೆಯುವಾಗ ಲೈಸೆನ್ಸ್ ತಗೊಳ್ಳಿ ಅಂತ ನೆನಪಿಸುತ್ತದೆ, ಕೆಲಸ ನಿಲ್ಲಿಸುವುದಿಲ್ಲ. ಇನ್‌ಸ್ಟಾಲರ್ ಎಷ್ಟು ಚಿಕ್ಕದು ಅಂದರೆ ಮೊಬೈಲ್ ನೆಟ್‌ನಲ್ಲೂ ಕ್ಷಣದಲ್ಲಿ ಇಳಿಯುತ್ತದೆ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಇದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಯಾರು ಗೊತ್ತಾ? ವಿನ್‌ಆಂಪ್ ಮಾಡಿದವರು.

ಪಡುಬಿದ್ರಿ_ಎಕ್ಸ್‌ಪ್ರೆಸ್:
ವಿನ್‌ಆಂಪ್! ಸೈಬರ್ ಕೆಫೆಯಲ್ಲಿ ಸಿಡಿ ಬರ್ನ್ ಮಾಡಿಸಿಕೊಂಡು ಯಕ್ಷಗಾನ ಕೇಳುತ್ತಿದ್ದ ಕಾಲ ಕಣ್ಣೆದುರು ಬಂತು. ಅದೇ ಮನುಷ್ಯನಾ? ಹಾಗಾದರೆ ನಾನೂ ಒಮ್ಮೆ ನೋಡಬೇಕು.

ತೆಂಕುದಿಕ್ಕು:
ರೀಪರ್ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಅದರ ತಲೆನೋವನ್ನೂ ಹೇಳಿ ಕದ್ರಿಯವರೇ. ಮೊದಲ ಸಲ ತೆರೆದವರಿಗೆ ಬೂದು ಬಣ್ಣದ ಖಾಲಿ ಪರದೆ. ಟ್ರ್ಯಾಕ್ ಸೇರಿಸಬೇಕು, ಇನ್‌ಪುಟ್ ಆರಿಸಬೇಕು, ಕೆಂಪು ಬಟನ್ ಒತ್ತಿ ಟ್ರ್ಯಾಕನ್ನು ಆರ್ಮ್ ಮಾಡಬೇಕು (ರೆಕಾರ್ಡಿಂಗ್‌ಗೆ ಸಿದ್ಧ ಮಾಡಬೇಕು), ಆಮೇಲೆ ರೆಕಾರ್ಡ್. ಆಡಾಸಿಟಿಯಲ್ಲಿ ಒಂದೇ ಬಟನ್. ಸೆಟ್ಟಿಂಗ್ಸ್ ಕಿಟಕಿ ನೋಡಿದರೆ ಅರ್ಧ ಜನ ಅಲ್ಲೇ ವಾಪಸ್ ಹೋಗುತ್ತಾರೆ. ಜೊತೆಗೆ ವಾದ್ಯಗಳ ಶಬ್ದ ಹೆಚ್ಚೇನೂ ಬರುವುದಿಲ್ಲ.

ಕದ್ರಿಗುಡ್ಡೆ:
ವಾದ್ಯದ ಶಬ್ದ ತಾಳಮದ್ದಳೆಗೆ ಯಾಕೆ? ಚೆಂಡೆ ಅಲ್ಲೇ ಕೂತಿರುತ್ತದಲ್ಲ. ಸೆಟ್ಟಿಂಗ್ಸ್ ಕಷ್ಟ ಅನ್ನುವುದು ನಿಜ, ಆದರೆ ಒಮ್ಮೆ ಮಾಡಿದರೆ ಸಾಕು. ನಾಲ್ಕು ಟ್ರ್ಯಾಕ್ ಜೋಡಿಸಿ, ಆರ್ಮ್ ಮಾಡಿ, ಪ್ರಾಜೆಕ್ಟ್ ಟೆಂಪ್ಲೇಟ್ ಅಂತ ಸೇವ್ ಮಾಡಿಡಿ. ಮುಂದಿನ ಸಲ ತೆರೆಯುವುದು, ರೆಕಾರ್ಡ್ ಒತ್ತುವುದು. ಅಷ್ಟೇ.

ಮದ್ದಳೆಮನೆ:
ನಾನು ಮದ್ದಳೆಗಾರ. ಸಾಫ್ಟ್‌ವೇರ್ ಮಾಡಿದವರ ಮೇಲೆ ನನಗೆ ಇರುವ ಬೇಜಾರು ಬೇರೆಯೇ. ಇವೆಲ್ಲ ಒಂದೇ ವೇಗದಲ್ಲಿ, ನಾಲ್ಕು ನಾಲ್ಕು ಹೆಜ್ಜೆಯಲ್ಲಿ ಹೋಗುವ ಸಂಗೀತವನ್ನು ಮನಸ್ಸಿನಲ್ಲಿಟ್ಟು ಮಾಡಿದವು. ನಮ್ಮಲ್ಲಿ ವೇಗ ಭಾಗವತರ ಕೈಯಲ್ಲಿ. ಪದ್ಯದ ಭಾವ ಏರಿದ ಹಾಗೆ ಅವರು ಎಳೆಯುತ್ತಾರೆ, ನಾವು ಹಿಂದೆ ಹೋಗುತ್ತೇವೆ. ಒಂದೇ ಪದ್ಯದೊಳಗೆ ವಿಳಂಬದಿಂದ ತ್ವರಿತಕ್ಕೆ ಹೋಗುವುದೂ ಉಂಟು. ಮೆಟ್ರೊನೋಮ್ ಹಾಕಿ ಹಾಡಿ ಅಂತ ಒಬ್ಬರು ಸ್ಟುಡಿಯೊದಲ್ಲಿ ಹೇಳಿದರು. ಭಾಗವತರು ಅರ್ಧ ಪದ್ಯ ಹಾಡಿ ಹೆಡ್‌ಫೋನ್ ತೆಗೆದು ಕೆಳಗಿಟ್ಟರು. ಆ ಟಿಕ್ ಟಿಕ್ ಕೇಳುತ್ತಾ ಹಾಡಿದರೆ ಪದ್ಯ ಸತ್ತೇ ಹೋಗುತ್ತದೆ.

ತ್ರಿವುಡೆಗೆ 7 ಅಕ್ಷರ, ಝಂಪೆಗೆ 10. ಐಫೋನಿನ ಗ್ಯಾರೇಜ್‌ಬ್ಯಾಂಡ್‌ನಲ್ಲಿ 4/4, 3/4, 6/8 ಬಿಟ್ಟು ಬೇರೆ ಇಲ್ಲ. ಹೊಸ ಹುಡುಗರು ಅದರಲ್ಲೇ ಅಭ್ಯಾಸ ಮಾಡಲು ಹೊರಟರೆ ತ್ರಿವುಡೆಯನ್ನು ಎಲ್ಲಿ ಕೂರಿಸುವುದು?

ಕೊಂಕ್ಣಿಕಂಠ:
ಮದ್ದಳೆಮನೆಯವರು ಹೇಳಿದ್ದು ಸರಿ, ಆದರೆ ಅದಕ್ಕೆ ದಾರಿ ಇದೆ. ಲಾಜಿಕ್‌ನಲ್ಲಿ 2018ರಿಂದ ಸ್ಮಾರ್ಟ್ ಟೆಂಪೊ ಅಂತ ಬಂದಿದೆ. ನೀವು ಹಾಡಿದ ಹಾಗೆ ಅದೇ ತನ್ನ ತಾಳದ ಗೆರೆಗಳನ್ನು ಹೊಂದಿಸಿಕೊಳ್ಳುತ್ತದೆ. ಕ್ಯೂಬೇಸ್‌ನಲ್ಲೂ ಟೆಂಪೊ ಕಂಡುಹಿಡಿಯುವ ಸೌಲಭ್ಯ ಇದೆ.

ಮದ್ದಳೆಮನೆ:
ಚೆಂಡೆಯ ಬಿಡ್ತಿಗೆಗೆ ಅದು ಹೊಂದಿಕೊಳ್ಳುತ್ತದಾ? ಒಂದು ಪೆಟ್ಟಿನ ಜಾಗದಲ್ಲಿ ಎಂಟು ಪೆಟ್ಟು ಬೀಳುತ್ತದೆ.

ಕೊಂಕ್ಣಿಕಂಠ:
ಅಲ್ಲಿ ಎಡವುತ್ತದೆ. ಕೈಯಲ್ಲೇ ತಿದ್ದಬೇಕಾಗುತ್ತದೆ. ಅದನ್ನು ಒಪ್ಪುತ್ತೇನೆ.

ಚಕ್ರತಾಳ:
ನೇರ ರೆಕಾರ್ಡಿಂಗ್‌ಗೆ ಗೆರೆ ಯಾಕೆ ಬೇಕು ಮಾರಾಯ್ರೆ? ರೀಪರ್‌ನಲ್ಲಿ ಗ್ರಿಡ್ (ಆ ಗೆರೆಗಳು) ಮತ್ತು ಸ್ನ್ಯಾಪ್ (ಗೆರೆಗೆ ಅಂಟಿಸುವುದು) ಎರಡನ್ನೂ ಆಫ್ ಮಾಡಿ, ಮೇಲಿನ ಅಳತೆಪಟ್ಟಿಯನ್ನು ಗಂಟೆ ನಿಮಿಷಕ್ಕೆ ಬದಲಿಸಿ. ಟೆಂಪೊ ಅನ್ನುವುದೇ ಕಣ್ಣಿಗೆ ಬೀಳುವುದಿಲ್ಲ. ಪದ್ಯ ಶುರುವಾದಾಗ ಎಂ ಕೀ ಒತ್ತಿ, ಒಂದು ಮಾರ್ಕರ್ ಬೀಳುತ್ತದೆ. ಅರ್ಥ ಶುರುವಾದಾಗ ಇನ್ನೊಂದು. ಮನೆಗೆ ಬಂದು ನಾಲ್ಕು ಗಂಟೆ ಪೂರ್ತಿ ಕೇಳುತ್ತಾ ಹುಡುಕುವ ಕೆಲಸ ಇರುವುದಿಲ್ಲ. ನನ್ನ ಮಟ್ಟಿಗೆ ತಾಳಮದ್ದಳೆಗೆ ಇದಕ್ಕಿಂತ ಉಪಕಾರದ ಕೀ ಬೇರೆ ಇಲ್ಲ. ಆಡಾಸಿಟಿಯಲ್ಲೂ ಕಂಟ್ರೋಲ್ ಎಂ ಒತ್ತಿದರೆ ಲೇಬಲ್ ಬೀಳುತ್ತದೆ.

ಸುರತ್ಕಲ್_ಕಿನಾರೆ:
ಕೇಕ್‌ವಾಕ್ ಬಗ್ಗೆ ಯಾರೂ ವಿವರವಾಗಿ ಹೇಳಲಿಲ್ಲ. 2017ರಲ್ಲಿ ಗಿಬ್ಸನ್ ಕೈಬಿಟ್ಟಿತು, 2018ರಲ್ಲಿ ಬ್ಯಾಂಡ್‌ಲ್ಯಾಬ್ ತಗೊಂಡು ಇಡೀ ಸಾಫ್ಟ್‌ವೇರನ್ನೇ ಉಚಿತ ಮಾಡಿತು. ಈಗ ಸೋನಾರ್ ಹೆಸರಿನಲ್ಲಿ ಉಚಿತ ಆವೃತ್ತಿ ಉಂಟು. ವಿಂಡೋಸ್‌ನವರಿಗೆ ಬಿಟ್ಟಿಯಾಗಿ ಇಷ್ಟು ದೊಡ್ಡ ಮಿಕ್ಸರ್ ಬೇರೆಲ್ಲೂ ಸಿಗುವುದಿಲ್ಲ. ಖಾತೆ ಮಾಡಿ ಲಾಗಿನ್ ಆಗಬೇಕು ಅನ್ನುವುದೊಂದೇ ಕಿರಿಕಿರಿ.

ಕದ್ರಿಗುಡ್ಡೆ:
ದೇವಸ್ಥಾನದ ಸಭಾಭವನದಲ್ಲಿ ನೆಟ್ ಇಲ್ಲದಾಗ ಲಾಗಿನ್ ಕೇಳಿದರೆ? ಊರೂರು ತಿರುಗಿ ರೆಕಾರ್ಡ್ ಮಾಡುವವರಿಗೆ ಅದು ಸಣ್ಣ ಕಿರಿಕಿರಿ ಅಲ್ಲ.

ಸುರತ್ಕಲ್_ಕಿನಾರೆ:
ಮನೆಯಲ್ಲೇ ಒಮ್ಮೆ ತೆರೆದು ಸರಿ ಇದೆಯಾ ನೋಡಿಕೊಂಡು ಹೊರಟರೆ ಆಯಿತು. ಐದು ಸಾವಿರ ಉಳಿಯುತ್ತದಲ್ಲ.

ತೆಂಕುದಿಕ್ಕು:
ಎಲ್ಎಂಎಂಎಸ್ ಬಗ್ಗೆಯೂ ಒಂದು ಎಚ್ಚರಿಕೆ. ಉಚಿತ ಅಂತ ಇಳಿಸಿಕೊಂಡು ಮೈಕ್ ಹಿಡಿದು ಕೂರಬೇಡಿ. ಅದರ ಸ್ಥಿರ ಆವೃತ್ತಿಯಲ್ಲಿ ಧ್ವನಿ ರೆಕಾರ್ಡ್ ಮಾಡುವ ಸೌಲಭ್ಯವೇ ಇಲ್ಲ. ಲಿನಕ್ಸ್‌ನವರಿಗೆ ಆರ್ಡರ್ (Ardour) ಅನ್ನುವ ಸಾಫ್ಟ್‌ವೇರ್ ಇದೆ. ಅದರ ಮೂಲ ಸಂಕೇತ ಮುಕ್ತ, ಸಿದ್ಧ ಮಾಡಿದ ಕಡತ ಬೇಕಿದ್ದರೆ ಸ್ವಲ್ಪ ದುಡ್ಡು ಕೊಡಬೇಕು.

ಪಡುಬಿದ್ರಿ_ಎಕ್ಸ್‌ಪ್ರೆಸ್:
ಪ್ರೊ ಟೂಲ್ಸ್ ಯಾರೂ ಬಳಸುವುದಿಲ್ಲವಾ? ದೊಡ್ಡ ಸ್ಟುಡಿಯೊದವರು ಅದನ್ನೇ ಕೇಳುತ್ತಾರೆ ಅಂತ ಕೇಳಿದ್ದೇನೆ.

ಕೊಂಕ್ಣಿಕಂಠ:
ಸಿನಿಮಾ ಸ್ಟುಡಿಯೊಗಳಲ್ಲಿ ಹೌದು. ಪ್ರೊ ಟೂಲ್ಸ್ ಇಂಟ್ರೊ ಅಂತ ಉಚಿತ ಆವೃತ್ತಿ ಇದೆ, ಧ್ವನಿಗೆ 8 ಟ್ರ್ಯಾಕ್. ಅದಕ್ಕೂ ಐಲಾಕ್ ಅನ್ನುವ ಲೈಸೆನ್ಸ್ ಖಾತೆ ಬೇಕು. ದೊಡ್ಡ ಸ್ಟುಡಿಯೊಗೆ ಕಳಿಸಬೇಕು ಅಂತ ನೀವು ಅದೇ ಸಾಫ್ಟ್‌ವೇರ್ ತಗೊಳ್ಳಬೇಕಾಗಿಲ್ಲ. ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಶುರುವಾಗುವ ಹಾಗೆ ವೇವ್ ಫೈಲ್ ಮಾಡಿ ಕೊಡಿ. ಅವರು ಯಾವುದರಲ್ಲಿ ಬೇಕಾದರೂ ತೆರೆಯುತ್ತಾರೆ.

ಮಲ್ಪೆಗಾಳಿ:
ಎಲ್ಲರಿಗೂ ಧನ್ಯವಾದ. ಇನ್ನೊಂದು ಪ್ರಶ್ನೆ. ಲ್ಯಾಪ್‌ಟಾಪ್ ಹಳೆಯದಾದರೆ ಲೇಟೆನ್ಸಿ (ಧ್ವನಿ ತಡವಾಗಿ ಕೇಳುವುದು) ಬರುತ್ತದೆ, ಹೊಸದು ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ನಿಜವಾ?

ಚಕ್ರತಾಳ:
ನಿಮ್ಮ ಕೆಲಸಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ. ಲೇಟೆನ್ಸಿ ಕಾಡುವುದು ಹಾಡುವವರು ತಮ್ಮದೇ ಧ್ವನಿಯನ್ನು ಕಂಪ್ಯೂಟರ್ ಮೂಲಕ ಹೆಡ್‌ಫೋನ್‌ನಲ್ಲಿ ಕೇಳುವಾಗ. ಬಫರ್ (ಕಂಪ್ಯೂಟರ್ ಒಮ್ಮೆಗೆ ತಗೊಳ್ಳುವ ಧ್ವನಿಯ ತುಂಡು) 1024 ಸ್ಯಾಂಪಲ್, ದರ ಸೆಕೆಂಡಿಗೆ 48,000 ಸ್ಯಾಂಪಲ್ ಇಟ್ಟರೆ ಒಳಗೆ ಹೋಗಲು ಸುಮಾರು 21 ಮಿಲಿಸೆಕೆಂಡ್, ಹೊರಗೆ ಬರಲು ಮತ್ತೆ ಅಷ್ಟೇ. ಶಬ್ದ ಗಾಳಿಯಲ್ಲಿ ಒಂದು ಮೀಟರ್ ಹೋಗಲು 3 ಮಿಲಿಸೆಕೆಂಡ್ ತಗೊಳ್ಳುತ್ತದೆ. ಅಂದರೆ ನಿಮ್ಮ ಧ್ವನಿ ಹದಿನಾಲ್ಕು ಮೀಟರ್ ಆಚೆಯಿಂದ ಕೇಳಿದ ಹಾಗಾಗುತ್ತದೆ. ಹಾಡುವವರಿಗೆ ಅದು ಹಿಂಸೆ. ಆಗ ಬಫರ್ 128ಕ್ಕೋ 256ಕ್ಕೋ ಇಳಿಸಬೇಕು, ಇಲ್ಲವೇ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಒತ್ತಬೇಕು.

ತಾಳಮದ್ದಳೆಯಲ್ಲಿ ಯಾರೂ ಹೆಡ್‌ಫೋನ್ ಹಾಕಿ ಕೂರುವುದಿಲ್ಲ. ಬಫರ್ 1024ರಲ್ಲೇ ಇರಲಿ. ದೊಡ್ಡ ಬಫರ್ ಇದ್ದಷ್ಟು ಹಳೆಯ ಲ್ಯಾಪ್‌ಟಾಪ್‌ಗೆ ಆರಾಮ, ನಡುವೆ ಟಿಕ್ ಅಂತ ಕಡಿಯುವುದೂ ಇಲ್ಲ. ಲ್ಯಾಪ್‌ಟಾಪಿಗೆ ಕೊಡುವ ದುಡ್ಡಲ್ಲಿ ಒಳ್ಳೆಯ ಮೈಕ್ ತಗೊಳ್ಳಿ.

ಮದ್ದಳೆಮನೆ:
ಮೈಕ್ ಬಗ್ಗೆ ಹೇಳಿದ್ದು ಸಾವಿರಕ್ಕೆ ಸರಿ. ಭಾಗವತರ ಮೈಕಿಗೆ ಚೆಂಡೆ ನುಗ್ಗಿದರೆ ಯಾವ ಸಾಫ್ಟ್‌ವೇರೂ ಬೇರೆ ಮಾಡಿಕೊಡುವುದಿಲ್ಲ.

ಸುರತ್ಕಲ್_ಕಿನಾರೆ:
ಈಗ ಎಐ ಬೇರೆ ಮಾಡುತ್ತದೆ ಅಲ್ವಾ? ಹಾಡು ಒಂದು ಕಡೆ, ವಾದ್ಯ ಒಂದು ಕಡೆ.

ಮದ್ದಳೆಮನೆ:
ಕೇಳಿದ್ದೇನೆ. ಸಿನಿಮಾ ಹಾಡಿಗೆ ಚೆನ್ನಾಗಿ ಬರುತ್ತದೆ. ಯಕ್ಷಗಾನಕ್ಕೆ ಹಾಕಿದರೆ ಜಾಗಟೆಯ ನಾದ ಭಾಗವತರ ಧ್ವನಿಗೆ ಅಂಟಿಕೊಂಡು ಬರುತ್ತದೆ, ಮದ್ದಳೆಯ ಎಡದ ಗುಂಕಿ ಅರ್ಧ ಮಾಯವಾಗುತ್ತದೆ. ಅವು ನಮ್ಮ ವಾದ್ಯಗಳನ್ನು ಕೇಳಿ ಕಲಿತವಲ್ಲ ಅನಿಸುತ್ತದೆ. ಮೈಕನ್ನು ಭಾಗವತರ ಬಾಯಿಗೆ ಹತ್ತಿರ ತನ್ನಿ, ಅದರ ಬೆನ್ನು ಚೆಂಡೆ ಕಡೆಗಿರಲಿ. ಮುಕ್ಕಾಲು ಸಮಸ್ಯೆ ಅಲ್ಲೇ ಹೋಗುತ್ತದೆ.

ಕದ್ರಿಗುಡ್ಡೆ:
ಲೆವೆಲ್ ಬಗ್ಗೆಯೂ ಹೇಳಿಬಿಡಿ. ಮೊದಲ ಪದ್ಯಕ್ಕೆ ಸರಿ ಇಟ್ಟ ಗೇನ್ (ಮೈಕಿನ ಮಟ್ಟ), ಯುದ್ಧದ ಪ್ರಸಂಗ ಬಂದಾಗ ಜಾಸ್ತಿಯಾಗುತ್ತದೆ. ಚೆಂಡೆ ಹರಿದು ಬರುತ್ತದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವ ಹಾಗೆ ಇಡಿ. ಕಡಿಮೆ ಅನಿಸಿದರೂ ಹೆದರಬೇಡಿ, ಆಮೇಲೆ ಎತ್ತಬಹುದು. ಒಡೆದ ಶಬ್ದವನ್ನು ಸರಿ ಮಾಡಲು ಬರುವುದಿಲ್ಲ.

ಪಡುಬಿದ್ರಿ_ಎಕ್ಸ್‌ಪ್ರೆಸ್:
ಫ್ಯಾನಿನ ಶಬ್ದ, ಮಳೆಯ ಶಬ್ದಕ್ಕೆ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಹಾಕಬಹುದಾ? ಆಷಾಢದಲ್ಲಿ ನಮ್ಮ ಭಜನೆ ಶೀಟಿನ ಮಾಡಿನ ಕೆಳಗೆ.

ತೆಂಕುದಿಕ್ಕು:
ಫ್ಯಾನಿಗೆ ಹಾಕಬಹುದು. ಯಾರೂ ಮಾತಾಡದ ಎರಡು ಮೂರು ಸೆಕೆಂಡ್ ಆರಿಸಿ, ನಾಯ್ಸ್ ಪ್ರೊಫೈಲ್ ತಗೊಂಡು, ಆಮೇಲೆ ಇಡೀ ಫೈಲಿಗೆ ಹಾಕಿ. ಫ್ಯಾನ್ ಒಂದೇ ಸಮ ತಿರುಗುತ್ತದೆ, ಹಾಗಾಗಿ ಸಾಫ್ಟ್‌ವೇರಿಗೆ ಗುರುತು ಸಿಗುತ್ತದೆ. ಮಳೆ ಒಮ್ಮೆ ಜೋರು ಒಮ್ಮೆ ನಿಧಾನ, ಅದು ಕೈಗೆ ಸಿಗುವುದಿಲ್ಲ. ಜಾಸ್ತಿ ಹಾಕಿದರೆ ಧ್ವನಿ ನೀರಿನೊಳಗಿಂದ ಬಂದಂತೆ ಗುಳುಗುಳು ಆಗುತ್ತದೆ, ತಾಳದ ಮಿಂಚೂ ಹೋಗುತ್ತದೆ.

ಮದ್ದಳೆಮನೆ:
ಮಳೆ ಇದ್ದರೆ ಇರಲಿ ಬಿಡಿ. ಮಳೆಗಾಲದ ತಾಳಮದ್ದಳೆಯಲ್ಲಿ ಮಳೆ ಕೇಳಬೇಕು.

ತೆಂಕುದಿಕ್ಕು:
ನಾನು ಒಪ್ಪುವುದಿಲ್ಲ. ಮುಂದಿನವರು ಅರ್ಥಗಾರಿಕೆ ಕೇಳಿ ಕಲಿಯಬೇಕು ಅಂತ ಇಡುವ ದಾಖಲೆ ಇದು. ಮಾತು ಸ್ಪಷ್ಟ ಇರಲೇಬೇಕು. ಮೂಲ ಫೈಲನ್ನು ಮುಟ್ಟದೆ ಹಾಗೇ ಇಡಿ, ಅದರ ಒಂದು ಕಾಪಿಯನ್ನು ಶುಚಿ ಮಾಡಿ ಹಂಚಿ.

ಸುರತ್ಕಲ್_ಕಿನಾರೆ:
ಹಮ್ ಬಂದರೆ ಎಂತ ಮಾಡುವುದು? ಗುಂಯ್ ಅಂತ ಒಂದೇ ಸಮ.

ಚಕ್ರತಾಳ:
ಅದು 50 ಹರ್ಟ್ಸ್‌ನ ಕರೆಂಟ್ ಶಬ್ದ. ಚಾರ್ಜರ್ ತೆಗೆದು ನೋಡಿ. ಬ್ಯಾಟರಿಯಲ್ಲಿ ಓಡುವಾಗ ಹಮ್ ನಿಂತರೆ ಅರ್ತಿಂಗ್ ಸುತ್ತಿನಿಂದ ಬರುತ್ತಿದ್ದದ್ದು ಅಂತ ಅರ್ಥ. ಸೌಂಡ್ ಸಿಸ್ಟಮ್‌ನವರ ಮಿಕ್ಸರಿನಿಂದ ಲೈನ್ ತಗೊಂಡಾಗ ಇದು ಜಾಸ್ತಿ. ನಡುವೆ ಒಂದು ಡಿಐ ಬಾಕ್ಸ್ (ಲೈನಿನ ನಡುವೆ ಸಿಕ್ಕಿಸುವ ಸಣ್ಣ ಪೆಟ್ಟಿಗೆ) ಹಾಕಿ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ, ಮಳೆಗಾಲದಲ್ಲಿ ಜೀವಕ್ಕೇ ಅಪಾಯ.

ಮಣಿಪಾಲ_ರೂಮ್‌ಮೇಟ್:
ಕರೆಂಟ್ ಹೋದರೆ ರೆಕಾರ್ಡಿಂಗ್ ಹೋಗುತ್ತದಾ?

ಕದ್ರಿಗುಡ್ಡೆ:
ಲ್ಯಾಪ್‌ಟಾಪ್ ಬ್ಯಾಟರಿ ಸರಿ ಇದ್ದರೆ ಅದು ನಿಲ್ಲುವುದಿಲ್ಲ. ಇಂಟರ್‌ಫೇಸ್ ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವಂಥದ್ದಾ ಅಂತ ನೋಡಿಕೊಳ್ಳಿ. ರೀಪರ್ ರೆಕಾರ್ಡ್ ಆಗುತ್ತಿರುವಾಗಲೇ ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆ ಫೈಲಾಗಿ ಡಿಸ್ಕ್‌ಗೆ ಬರೆಯುತ್ತಾ ಹೋಗುತ್ತದೆ. ಹಾಗಾಗಿ ನಡುವೆ ನಿಂತರೂ ಅಲ್ಲಿವರೆಗಿನದು ಸಾಮಾನ್ಯವಾಗಿ ಉಳಿಯುತ್ತದೆ. ರೆಕಾರ್ಡ್ ಒತ್ತುವ ಮೊದಲು ಪ್ರಾಜೆಕ್ಟ್ ಸೇವ್ ಮಾಡಿ, ಇಲ್ಲದಿದ್ದರೆ ಫೈಲುಗಳು ಎಲ್ಲೋ ಬೇರೆ ಫೋಲ್ಡರಿಗೆ ಹೋಗಿ ಕೂರುತ್ತವೆ.

ಮಲ್ಪೆಗಾಳಿ:
ಸರಿ, ತೀರ್ಮಾನ ಮಾಡಿದೆ. ರೆಕಾರ್ಡಿಂಗ್‌ಗೆ ರೀಪರ್, ಲೈಸೆನ್ಸಿನ ದುಡ್ಡನ್ನು ಸಂಘದಿಂದಲೇ ಕೊಡುತ್ತೇವೆ. ಕತ್ತರಿಸಿ ಹಂಚುವುದಕ್ಕೆ ಆಡಾಸಿಟಿ ಕೈಬಿಡುವುದಿಲ್ಲ. ಕೊನೆಯದೊಂದು ಕೇಳುತ್ತೇನೆ. ಮುಂದಿನ ತಿಂಗಳು ಆರು ಗಂಟೆಯ ಕಾಲಮಿತಿ ಆಟ ಒಂದಿದೆ. ಅಷ್ಟು ಉದ್ದಕ್ಕೆ ಜಾಗ ಎಷ್ಟು ಬೇಕು?

ಚಕ್ರತಾಳ:
24 ಬಿಟ್, 48,000 ದರದಲ್ಲಿ ಒಂದು ಮೈಕಿಗೆ ಗಂಟೆಗೆ ಸುಮಾರು 520 ಎಂಬಿ. ನಾಲ್ಕು ಮೈಕ್, ಆರು ಗಂಟೆ ಅಂದರೆ ಹನ್ನೆರಡೂವರೆ ಜಿಬಿ. 25 ಜಿಬಿ ಖಾಲಿ ಇಟ್ಟುಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಸಾಮಾನ್ಯ ವೇವ್ ಫೈಲ್ 4 ಜಿಬಿ ದಾಟುವುದಿಲ್ಲ. ಒಂದೊಂದು ಮೈಕ್ ಬೇರೆ ಫೈಲಾದರೆ ಎಂಟು ಗಂಟೆಯವರೆಗೆ ತೊಂದರೆ ಇಲ್ಲ. ಆದರೆ ಆಮೇಲೆ ಎಲ್ಲ ಸೇರಿಸಿ ಸ್ಟೀರಿಯೊ ಮಾಡುವಾಗ ಅದೇ ಗುಣಮಟ್ಟದಲ್ಲಿ ನಾಲ್ಕು ಗಂಟೆ ಎಂಟು ನಿಮಿಷಕ್ಕೇ 4 ಜಿಬಿ ತುಂಬುತ್ತದೆ. ರೀಪರ್‌ನಲ್ಲಿ ದೊಡ್ಡ ಫೈಲಿಗೆ ಆರ್‌ಎಫ್64 ಅಂತ ಆಯ್ಕೆ ಇದೆ, ಅದನ್ನು ಹಾಕಿ. ಇಲ್ಲದಿದ್ದರೆ ಫ್ಲಾಕ್ ಮಾಡಿ, ಗುಣಮಟ್ಟ ಒಂದಿಷ್ಟೂ ಕಡಿಮೆಯಾಗದೆ ಜಾಗ ಉಳಿಯುತ್ತದೆ.

ಪಡುಬಿದ್ರಿ_ಎಕ್ಸ್‌ಪ್ರೆಸ್:
ಪೆನ್‌ಡ್ರೈವ್‌ಗೆ ಹಾಕುವಾಗ ಫೈಲ್ ದೊಡ್ಡದಾಯಿತು ಅಂತ ಬರುವುದೂ ಇದಕ್ಕೇನಾ? ಜಾಗ ಇದ್ದರೂ ಹೋಗುವುದಿಲ್ಲ.

ಚಕ್ರತಾಳ:
ಅದು ಪೆನ್‌ಡ್ರೈವ್ ಫ್ಯಾಟ್32 ಆಗಿರುವುದರಿಂದ. ಅದಕ್ಕೂ ಒಂದು ಫೈಲಿಗೆ 4 ಜಿಬಿಯೇ ಮಿತಿ. ಒಳಗಿದ್ದದ್ದನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಆಮೇಲೆ ಎಷ್ಟು ದೊಡ್ಡ ಫೈಲಾದರೂ ಹಿಡಿಸುತ್ತದೆ.